ಕಾರ್ನಿವಲ್ ಆಫ್ ಸೋಲ್ಸ್ (1962): ಪದೇ ಪದೇ ಕೇಳುವ ಪ್ರಶ್ನೆಗಳು

ಹಾರರ್ ಹುಚ್ಚಿನವರ ನಡುವೆ ಈ ಹೆಸರು ಎತ್ತಿದರೆ ಒಬ್ಬರ ಕಣ್ಣು ಅರಳುತ್ತದೆ, ಉಳಿದ ಒಂಬತ್ತು ಜನ "ಅದ್ಯಾವುದಪ್ಪಾ?" ಅನ್ನುತ್ತಾರೆ. ಆ ಒಂಬತ್ತು ಜನಕ್ಕಾಗಿ ಈ ಪುಟ. ಕೊನೆ ಗೊತ್ತಾದರೆ ಬೇಜಾರಾಗುವವರು "ಕೊನೆ ಬಯಲಾಗುತ್ತದೆ" ಎಂದು ಬರೆದ ಪ್ರಶ್ನೆಗಳನ್ನು ದಾಟಿಕೊಂಡು ಹೋಗಿ, ಸಿನಿಮಾ ನೋಡಿದ ಮೇಲೆ ಓದಿ.

ಯಾವ ಸಿನಿಮಾ ಇದು?

1962ರಲ್ಲಿ ತೆರೆಕಂಡ ಅಮೆರಿಕದ ಕಪ್ಪು-ಬಿಳುಪು ಚಿತ್ರ. ನಿರ್ದೇಶಕ ಹರ್ಕ್ ಹಾರ್ವೆ, ಚಿತ್ರಕಥೆ ಜಾನ್ ಕ್ಲಿಫರ್ಡ್, ಮುಖ್ಯ ಪಾತ್ರದಲ್ಲಿ ಕ್ಯಾಂಡೇಸ್ ಹಿಲಿಗಾಸ್. ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ ಮತ್ತು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ ಸುತ್ತಮುತ್ತ ಮೂರು ವಾರದಲ್ಲಿ ಚಿತ್ರೀಕರಿಸಿದ್ದು. ಒಟ್ಟು ಖರ್ಚು ಸುಮಾರು 33,000 ಡಾಲರ್. ನಿರ್ದೇಶಕರು ಮಾಡಿದ ಮೊದಲನೆಯ ಕಥಾಚಿತ್ರ ಇದು, ಕೊನೆಯದೂ ಇದೇ.

ಕಥೆ ಏನು? ಕೊನೆ ಹೇಳಬೇಡಿ.

ಹುಡುಗರ ಗುಂಪೊಂದು ಪಂದ್ಯಕ್ಕೆ ಕರೆಯುತ್ತದೆ. ಮೂವರು ಹುಡುಗಿಯರಿದ್ದ ಕಾರು ಜಿದ್ದಿಗೆ ಬಿದ್ದು ಓಡಿ, ಕಿರಿದಾದ ಹಳೆಯ ಸೇತುವೆಯಿಂದ ಹೊಳೆಗೆ ಉರುಳುತ್ತದೆ. ಪೊಲೀಸರು, ಊರವರು ಗಂಟೆಗಟ್ಟಲೆ ನೀರು ಜಾಲಾಡುತ್ತಾರೆ, ಕಾರು ಸಿಗುವುದಿಲ್ಲ. ಅಷ್ಟರಲ್ಲಿ ಮೈಯೆಲ್ಲ ಕೆಸರಾಗಿ ಒಬ್ಬಳು ಮಾತ್ರ ಮರಳ ದಿಬ್ಬದ ಮೇಲೆ ತೂರಾಡುತ್ತ ಎದ್ದು ಬರುತ್ತಾಳೆ. ಅವಳೇ ಮೇರಿ ಹೆನ್ರಿ. ವೃತ್ತಿಯಿಂದ ಆರ್ಗನ್ (ಚರ್ಚುಗಳಲ್ಲಿ ನುಡಿಸುವ ದೊಡ್ಡ ಕೊಳವೆ ವಾದ್ಯ) ವಾದಕಿ. ಹೇಗೆ ಬದುಕಿಬಂದೆ ಎಂದು ಕೇಳಿದರೆ ಅವಳಿಗೆ ನೆನಪಿಲ್ಲ.

ಅವಳು ಅಳುವುದಿಲ್ಲ, ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ಮೊದಲೇ ಗೊತ್ತಾಗಿದ್ದ ಕೆಲಸಕ್ಕೆ, ಯೂಟಾದ ಚರ್ಚೊಂದಕ್ಕೆ, ಒಬ್ಬಳೇ ಕಾರು ಓಡಿಸಿಕೊಂಡು ಹೊರಡುತ್ತಾಳೆ. ರಾತ್ರಿಯ ಹೆದ್ದಾರಿಯಲ್ಲಿ ಪಕ್ಕದ ಕಿಟಕಿಯ ಗಾಜಿನಲ್ಲಿ ಸುಣ್ಣ ಬಳಿದಂಥ ಒಂದು ಗಂಡಸಿನ ಮುಖ ಕಾಣುತ್ತದೆ. ಅದೇ ದಾರಿಯಲ್ಲಿ, ದೂರದ ಉಪ್ಪು ಸರೋವರದ ದಡದಲ್ಲಿ, ಪಾಳುಬಿದ್ದ ಒಂದು ದೊಡ್ಡ ಕಟ್ಟಡವೂ ಕಾಣುತ್ತದೆ. ಮುಖ ಅವಳನ್ನು ಬೆನ್ನಟ್ಟುತ್ತದೆ, ಕಟ್ಟಡ ಅವಳನ್ನು ಎಳೆಯುತ್ತದೆ. ಉಳಿದದ್ದನ್ನು ನೋಡಿಯೇ ತಿಳಿಯಬೇಕು.

ಹೆದರಿಕೆ ಆಗುತ್ತಾ?

ಕುರ್ಚಿಯಿಂದ ನೆಗೆದು ಬೀಳಿಸುವ ಹೆದರಿಕೆ ಬೇಕಿದ್ದರೆ ಇಲ್ಲ. ರಕ್ತ ಇಲ್ಲ, ಕೊಲೆ ಇಲ್ಲ. ಸಿನಿಮಾ ಮುಗಿದು ದೀಪ ಹಾಕಿ ಹಲ್ಲುಜ್ಜುವಾಗ ಕನ್ನಡಿ ಕಡೆ ಸರಿಯಾಗಿ ನೋಡಲು ಮನಸ್ಸಾಗುವುದಿಲ್ಲವಲ್ಲ, ಆ ಜಾತಿಯದು.

ಮಾಡಿದವರು ಯಾರು? ಕಾಲೇಜು ಹುಡುಗರ ಪ್ರಯೋಗವೇ?

ಅಲ್ಲ. ಈ ಚಿತ್ರದ ಬಗ್ಗೆ ಹೆಚ್ಚು ಜನ ತಪ್ಪು ತಿಳಿದಿರುವುದು ಇಲ್ಲೇ.

ಲಾರೆನ್ಸ್ ಊರಿನಲ್ಲಿ ಸೆಂಟ್ರಾನ್ ಎಂಬ ಕಂಪನಿ ಇತ್ತು. 1947ರಲ್ಲಿ ಶುರುವಾದದ್ದು. ಶಾಲೆಗಳಿಗೆ ಪಾಠದ ಚಿತ್ರ, ಕಾರ್ಖಾನೆಗಳಿಗೆ ಸುರಕ್ಷತೆಯ ಚಿತ್ರ, ಕಂಪನಿಗಳಿಗೆ ಪ್ರಚಾರಚಿತ್ರ ಮಾಡಿಕೊಡುವುದು ಅದರ ಕಸುಬು. ನಮ್ಮಲ್ಲಿ ಸಿನಿಮಾ ಶುರುವಾಗುವ ಮುಂಚೆ ಫಿಲ್ಮ್ಸ್ ಡಿವಿಷನ್‌ನ ಸಾಕ್ಷ್ಯಚಿತ್ರ ಹಾಕುತ್ತಿದ್ದರಲ್ಲ, ಹೆಚ್ಚುಕಡಿಮೆ ಆ ಬಗೆಯ ಕೆಲಸ, ಆದರೆ ಖಾಸಗಿಯವರದ್ದು. ಸಣ್ಣಪುಟ್ಟ ಅಂಗಡಿಯೇನೂ ಅಲ್ಲ: 1969ರ ಅವರ ಒಂದು ಕಿರು ಸಾಕ್ಷ್ಯಚಿತ್ರ ಆಸ್ಕರ್ ನಾಮನಿರ್ದೇಶನದವರೆಗೂ ಹೋಗಿತ್ತು. ಹಾರ್ವೆ ಅಲ್ಲಿ ಸಂಬಳಕ್ಕಿದ್ದ ನಿರ್ದೇಶಕ. ಕ್ಲಿಫರ್ಡ್ ಅಲ್ಲಿಯ ಬರಹಗಾರ. ನೂರಾರು ಚಿತ್ರ ಮಾಡಿ ಪಳಗಿದ ಕೈ. ಹೇಳಿದ ದಿನಕ್ಕೆ, ಹೇಳಿದ ದುಡ್ಡಿಗೆ, ಇರುವ ಬೆಳಕಿನಲ್ಲಿ, ನಟನೆ ಬಾರದ ಜನರಿಂದಲೂ ಕೆಲಸ ತೆಗೆಯುವುದು ಇವರ ದಿನನಿತ್ಯದ ಪಾಡು.

ಅಂಥವರು ಒಮ್ಮೆ ಮೂರು ವಾರ ರಜೆ ಹಾಕಿ ಮಾಡಿದ ಸಿನಿಮಾ ಇದು. ಹಾರ್ವೆಯ ಜೊತೆಗಿದ್ದ ತಂಡ ಬರೀ ಐದು ಜನ. ಛಾಯಾಗ್ರಹಣ ಮಾರಿಸ್ ಪ್ರ್ಯಾದರ್. ಸಹಾಯಕ ನಿರ್ದೇಶಕ ಇರಾನಿನಿಂದ ಬಂದಿದ್ದ ರೇಜಾ ಬದೀಯಿ, ಮುಂದೆ ಅಮೆರಿಕದ ಟಿವಿಯಲ್ಲಿ ದೊಡ್ಡ ಹೆಸರಾದವರು. ಹಾಗಾಗಿ ಈ ತಂಡಕ್ಕೆ ಕೊರತೆಯಿದ್ದದ್ದು ದುಡ್ಡಿಗೆ, ಕಸುಬಿಗಲ್ಲ. ಚಿತ್ರದ ಬಹುಪಾಲು ಗುಣ ಹುಟ್ಟಿದ್ದೇ ಇಲ್ಲಿಂದ ಎಂಬುದು ನನ್ನ ಅಭಿಪ್ರಾಯ. ರಸ್ತೆ, ಅಂಗಡಿ, ಬಸ್ ನಿಲ್ದಾಣ, ಬಾಡಿಗೆ ಮನೆ, ಎಲ್ಲವನ್ನೂ ಸುರಕ್ಷತಾ ಚಿತ್ರದಷ್ಟೇ ನೇರವಾಗಿ, ಅಲಂಕಾರವಿಲ್ಲದೆ ತೋರಿಸುತ್ತಾರೆ. ಅಂಥ ಸಪ್ಪೆ ಹಗಲಿನ ನಡುವೆ ಸತ್ತವನ ಮುಖವೊಂದು ಬಂದು ನಿಂತರೆ ಅದಕ್ಕೆ ವಿಶೇಷ ಬೆಳಕು, ಹೊಗೆ ಏನೂ ಬೇಕಾಗುವುದಿಲ್ಲ.

ಆ ಪಾಳು ಕಟ್ಟಡ ಸೆಟ್ಟಾ?

ನಿಜವಾದ ಕಟ್ಟಡ, ಹೆಸರು ಸಾಲ್ಟೇರ್. ಈ ಸಿನಿಮಾ ಹುಟ್ಟಿದ್ದೇ ಅದರಿಂದ. ಹಾರ್ವೆ ಕ್ಯಾಲಿಫೋರ್ನಿಯಾದಿಂದ ಕಾನ್ಸಾಸಿಗೆ ಕಾರಿನಲ್ಲಿ ವಾಪಸಾಗುವಾಗ, ಸೂರ್ಯ ಮುಳುಗುವ ಹೊತ್ತಿಗೆ, ಗ್ರೇಟ್ ಸಾಲ್ಟ್ ಲೇಕ್ ದಡದಲ್ಲಿ ಇದನ್ನು ಕಂಡರು. ಊರಿಗೆ ಬಂದು ಕ್ಲಿಫರ್ಡರಿಗೆ ಹೇಳಿದ್ದು ಇಷ್ಟು: ಆ ಕಟ್ಟಡ ಇರಬೇಕು, ಕೊನೆಗೆ ಅದರ ನೃತ್ಯಶಾಲೆಯಲ್ಲಿ ಸತ್ತವರು ಕುಣಿಯಬೇಕು, ಮಿಕ್ಕದ್ದು ನಿನಗೆ ಬಿಟ್ಟದ್ದು. ಕ್ಲಿಫರ್ಡ್ ಮೂರು ವಾರದಲ್ಲಿ ಕಥೆ ಬರೆದುಕೊಟ್ಟರು.

ಕಟ್ಟಡದ ಚರಿತ್ರೆಯೂ ಕೇಳುವಂಥದ್ದೇ. 1893ರಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ಚರ್ಚಿನವರ ಆಸರೆಯಲ್ಲಿ ಮೊದಲ ಸಾಲ್ಟೇರ್ ಎದ್ದಿತು. ನೀರಿನೊಳಗೆ ಕಂಬ ನೆಟ್ಟು ಅದರ ಮೇಲೆ ಗುಮ್ಮಟಗಳ ಮಂಟಪ, ಊರಿನಿಂದ ಅಲ್ಲಿಗೇ ರೈಲು, ಈಜು, ತಿಂಡಿ, ಕುಣಿತ. 1925ರಲ್ಲಿ ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟಿದರು. ಕಾಲ ಬದಲಾಯಿತು, ಸರೋವರವೂ ಹಿಂದೆ ಸರಿಯಿತು. ನೀರಿನ ಮೇಲೆ ನಿಲ್ಲಬೇಕಾದ ಅರಮನೆ ಒಣ ಉಪ್ಪಿನ ಬಯಲಲ್ಲಿ ಕಾಲು ಬಿಟ್ಟುಕೊಂಡು ನಿಂತಿತು. 1958ರಲ್ಲಿ ಬಾಗಿಲು ಹಾಕಿದರು. ಹಾರ್ವೆ ನೋಡಿದ್ದು ಆ ಸ್ಥಿತಿಯಲ್ಲಿ. 1970ರಲ್ಲಿ ಅದೂ ಸುಟ್ಟುಹೋಯಿತು. ಈಗ ಅದೇ ಹೆಸರಿನ ಮೂರನೆಯ ಕಟ್ಟಡವೊಂದು ಹತ್ತಿರದಲ್ಲಿದೆ, ಸಂಗೀತ ಕಾರ್ಯಕ್ರಮ ನಡೆಯುತ್ತದೆ, ಆದರೆ ಸಿನಿಮಾದಲ್ಲಿರುವುದು ಅದಲ್ಲ. ಆ ಕಡೆ ಹೋಗಿ ನೋಡುವ ಆಸೆಯಿರುವವರು ಇದನ್ನು ತಿಳಿದುಕೊಂಡೇ ಹೊರಡಿ.

ಒಂದು ಸ್ವಾರಸ್ಯ: ಎರಡನೆಯ ಸಾಲ್ಟೇರಿನ ಒಳಹೊಕ್ಕು ಮೂಲೆಮೂಲೆ ನೋಡಬೇಕೆಂದರೆ ಇವತ್ತು ಈ ದೆವ್ವದ ಸಿನಿಮಾವನ್ನೇ ಹಾಕಿ ನೋಡುವುದು ಸುಲಭ.

33,000 ಡಾಲರಿನಲ್ಲಿ ಹೇಗೆ ಮುಗಿಸಿದರು?

ನಿಜ ಹೇಳಬೇಕೆಂದರೆ ಕೈಯಲ್ಲಿದ್ದ ನಗದು 17,000 ಡಾಲರ್, ಅದನ್ನೂ ಊರಿನವರಿಂದ ಕೂಡಿಸಿದ್ದು. ಮಿಕ್ಕದ್ದು ಸಿನಿಮಾ ಗೆದ್ದ ಮೇಲೆ ಕೊಡುವ ಮಾತಿನ ಮೇಲೆ ನಡೆದ ಕೆಲಸ. ಸಾಲ್ಟೇರನ್ನು 50 ಡಾಲರ್ ಬಾಡಿಗೆಗೆ ಪಡೆದರು. ಕಾರು ಉರುಳುವ ಸೇತುವೆ ಲಾರೆನ್ಸ್ ಹತ್ತಿರದ ಲಿಕಾಂಪ್ಟನ್ ಊರಿನದು. ಊರವರು ಬಾಡಿಗೆ ಕೇಳಲಿಲ್ಲ, ಮುರಿದ ಕಟಕಟೆಯನ್ನು ಸರಿಮಾಡಿಕೊಟ್ಟು ಹೋಗಿ ಅಂದರು. ಅದಕ್ಕೆ ಬಿದ್ದ ಖರ್ಚು 38 ಡಾಲರ್. ಆರ್ಗನ್ ಕಾರ್ಖಾನೆಯ ದೃಶ್ಯ ನಿಜವಾದ ಕಾರ್ಖಾನೆಯಲ್ಲೇ ನಡೆಯುತ್ತದೆ: ಲಾರೆನ್ಸಿನ ರಾಯ್ಟರ್ ಆರ್ಗನ್ ಕಂಪನಿ. ಮೂರಾಳೆತ್ತರದ ಕೊಳವೆಗಳ ನಡುವೆ ಒಬ್ಬಳು ಹೆಣ್ಣು ಕೂತು ನುಡಿಸುತ್ತಿರುವ ಆ ಚಿತ್ರಿಕೆಯನ್ನು ಸೆಟ್ ಹಾಕಿ ತೆಗೆಯಹೋಗಿದ್ದರೆ ಇಡೀ ಬಜೆಟ್ ಅಲ್ಲೇ ಮುಗಿಯುತ್ತಿತ್ತು.

ಕಾರಿನ ದೃಶ್ಯಗಳನ್ನು ಗಮನಿಸಿ. ಆಗಿನ ರೂಢಿಯೆಂದರೆ ಸ್ಟುಡಿಯೋದಲ್ಲಿ ಕಾರು ನಿಲ್ಲಿಸಿ ಹಿಂದಿನ ಪರದೆಯ ಮೇಲೆ ರಸ್ತೆ ಓಡಿಸುವುದು. ಇವರ ಹತ್ತಿರ ಸ್ಟುಡಿಯೋ ಎಲ್ಲಿತ್ತು? ಬ್ಯಾಟರಿಯಿಂದ ನಡೆಯುವ ಹಗುರ ಆರಿಫ್ಲೆಕ್ಸ್ ಕ್ಯಾಮೆರಾ ಹಿಡಿದು ಓಡುವ ಕಾರಿನೊಳಗೇ ಕೂತರು. ಹಾಗಾಗಿ ಆ ಕತ್ತಲೆ, ಆ ಹೆದ್ದಾರಿ ಇವತ್ತಿಗೂ ನಿಜ ಅನಿಸುತ್ತವೆ. ಅದೇ ಕಾಲದ ದೊಡ್ಡ ಬಜೆಟ್ ಚಿತ್ರಗಳ ಕಾರು ಪ್ರಯಾಣ ನೋಡಿದರೆ ಈಗ ನಗು ಬರುತ್ತದೆ.

ಬಿಳಿ ಮುಖದವನು ಯಾರು?

ಹಾರ್ವೆಯೇ. ಮುಖಕ್ಕೆ ಬಿಳಿ ಬಣ್ಣ, ಕಣ್ಣಿನ ಸುತ್ತ ಕಪ್ಪು, ಮೈಗೆ ಕೋಟು. ಮಾತಿಲ್ಲ, ಹೆಸರೂ ಇಲ್ಲ. ನಿರ್ದೇಶಕನೇ ನಾಯಕಿಯನ್ನು ಊರೂರು ಅಟ್ಟಿಸಿಕೊಂಡು ಹೋಗುವ ಸಿನಿಮಾ ಎಂದು ಬೇಕಿದ್ದರೂ ಓದಿಕೊಳ್ಳಬಹುದು.

ಸಂಗೀತ ಯಾಕೆ ಇಷ್ಟು ಕಾಡುತ್ತದೆ?

ಜೀನ್ ಮೂರ್ ಅವರದ್ದು, ಬಹುಮಟ್ಟಿಗೆ ಆರ್ಗನ್ ಒಂದೇ. ವಾದ್ಯವೃಂದಕ್ಕೆ ದುಡ್ಡಿಲ್ಲದ್ದು ನಿಜ, ಆದರೆ ನಾಯಕಿಯೇ ಆರ್ಗನ್ ವಾದಕಿಯಾದ್ದರಿಂದ ಆ ಒಂಟಿ ವಾದ್ಯ ಕಥೆಯೊಳಗಿಂದಲೇ ಬಂದಂತಾಯಿತು. ಎಷ್ಟೋ ಕಡೆ ಹಿನ್ನೆಲೆ ಸಂಗೀತ ಯಾವುದು, ಮೇರಿ ಕೇಳಿಸಿಕೊಳ್ಳುತ್ತಿರುವುದು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ. ಕಾರಿನ ರೇಡಿಯೋದಲ್ಲಿ ಯಾವ ಸ್ಟೇಷನ್ ತಿರುಗಿಸಿದರೂ ಆರ್ಗನ್ನೇ ಬರುತ್ತದೆ. ಅವಳು ಗುಂಡಿ ತಿರುಗಿಸುತ್ತಾಳೆ, ಮತ್ತೆ ಅದೇ.

ಚರ್ಚ್ ಆರ್ಗನ್ ಕೇಳಿ ಅಭ್ಯಾಸವಿಲ್ಲದ ನಮ್ಮ ಕಿವಿಗೆ ಇದು ಹೆಚ್ಚೇ ನಾಟುತ್ತದೆ. ಹಾರ್ಮೋನಿಯಂನಲ್ಲಿ ತಿದಿ ನಿಲ್ಲಿಸಿದರೆ ಸ್ವರ ಸಾಯುತ್ತದೆ. ಇದರಲ್ಲಿ ಬೆರಳು ಎತ್ತುವವರೆಗೂ ಸ್ವರ ಕುಗ್ಗದೆ, ಉಸಿರು ತೆಗೆದುಕೊಳ್ಳದೆ ನಿಂತೇ ಇರುತ್ತದೆ. ಇನ್ನು ಚರ್ಚಿನಲ್ಲಿ ಮೇರಿ ಅಭ್ಯಾಸ ಮಾಡುವ ದೃಶ್ಯ: ಭಕ್ತಿಗೀತೆಯಾಗಿ ಶುರುವಾದದ್ದು ಅವಳ ಬೆರಳ ಹತೋಟಿ ತಪ್ಪಿ ಬೇರೆಯೇ ಏನೋ ಆಗುತ್ತದೆ, ಕಾಲು ಪೆಡಲುಗಳ ಮೇಲೆ ತಾನೇ ತಾನಾಗಿ ಓಡಾಡುತ್ತದೆ. ಪಾದ್ರಿ ಓಡಿಬಂದು ಕೈ ಹಿಡಿದು ನಿಲ್ಲಿಸುತ್ತಾನೆ. ಅಪಚಾರ ಎಂದು ಅಲ್ಲೇ ಕೆಲಸದಿಂದ ತೆಗೆಯುತ್ತಾನೆ. ಇಡೀ ಚಿತ್ರದಲ್ಲಿ ಒಂದೇ ದೃಶ್ಯ ಉಳಿಸಿಕೊಳ್ಳಿ ಎಂದರೆ ನಾನು ಉಳಿಸಿಕೊಳ್ಳುವುದು ಇದನ್ನು.

ಎಲ್ಲರೂ ಹೇಳುವ ಬಟ್ಟೆ ಅಂಗಡಿಯ ದೃಶ್ಯ ಯಾವುದು?

ಮೇರಿ ಹೊಸ ಉಡುಪು ಹಾಕಿ ನೋಡಲು ಒಳಗೆ ಹೋಗುತ್ತಾಳೆ. ಪರದೆಯ ಮೇಲಿನ ಚಿತ್ರ ನೀರು ಕಲಕಿದಂತೆ ಅಲುಗುತ್ತದೆ. ಹೊರಗೆ ಬಂದು ಅಂಗಡಿಯವಳನ್ನು ಮಾತಾಡಿಸಿದರೆ ಉತ್ತರವಿಲ್ಲ, ಅವಳ ಕಣ್ಣಿಗೆ ಮೇರಿ ಬಿದ್ದೇ ಇಲ್ಲ. ಬೀದಿಗೆ ಬಂದರೆ ಸದ್ದೇ ಇಲ್ಲ. ವಾಹನ ಓಡುತ್ತವೆ, ಜನ ಮಾತಾಡುತ್ತಾರೆ, ಒಂದೂ ಕೇಳದು, ಅವಳ ಹೆಜ್ಜೆ ಸಪ್ಪಳ ಬಿಟ್ಟು. ಕೊನೆಗೆ ಪಾರ್ಕಿನಲ್ಲಿ ಒಂದು ಮರ ಮುಟ್ಟಿ ನಿಂತಾಗ ಹಕ್ಕಿಯ ದನಿ ಕೇಳುತ್ತದೆ, ಅದರ ಹಿಂದೆಯೇ ಊರಿನ ಗದ್ದಲ ವಾಪಸ್ ಬರುತ್ತದೆ.

ತಾಂತ್ರಿಕವಾಗಿ ನೋಡಿದರೆ ಇದರಲ್ಲಿ ಏನೂ ಇಲ್ಲ. ಧ್ವನಿಪಥದಿಂದ ಊರಿನ ಸದ್ದು ತೆಗೆದು ಹೆಜ್ಜೆ ಸದ್ದು ಮಾತ್ರ ಬಿಟ್ಟಿದ್ದಾರೆ. ಖರ್ಚು ಕಾಸೂ ಇಲ್ಲ. ಜನಜಂಗುಳಿಯಲ್ಲಿ ನಾವು ಯಾರ ಕಣ್ಣಿಗೂ ಬೀಳದೆ ಹೋದರೆ ಎಂಬ ಭಯವನ್ನು ಇಷ್ಟು ಅಗ್ಗದಲ್ಲಿ, ಇಷ್ಟು ಪೂರ್ತಿಯಾಗಿ ತೋರಿಸಿದ ಬೇರೊಂದು ದೃಶ್ಯ ನನಗೆ ನೆನಪಾಗುತ್ತಿಲ್ಲ. ಹೊಸ ಊರಿಗೆ ಕೆಲಸಕ್ಕೆ ಹೋಗಿ ಪಿಜಿಯಲ್ಲಿ ಮೊದಲ ತಿಂಗಳು ಕಳೆದ ಯಾರನ್ನಾದರೂ ಕೇಳಿ, ಈ ದೃಶ್ಯಕ್ಕೆ ವಿವರಣೆ ಬೇಕಾಗುವುದಿಲ್ಲ.

ಮೇರಿ ಯಾಕೆ ಅಷ್ಟು ಒಣಒಣ? ನಟಿಗೆ ನಟನೆ ಬರುವುದಿಲ್ಲವೇ?

ಬರುತ್ತದೆ. ಹಿಲಿಗಾಸ್ ಹೆಸರಾಂತ ನಟನಾ ಗುರು ಲೀ ಸ್ಟ್ರಾಸ್‌ಬರ್ಗ್ ಗರಡಿಯಲ್ಲಿ ತಯಾರಾದವರು, ನ್ಯೂಯಾರ್ಕಿನಿಂದ ಕರೆಸಿಕೊಂಡ ನಟಿ. ಉಳಿದವರು ಬಹುಪಾಲು ಸ್ಥಳೀಯರು. ಆ ಒಣತನ ಪಾತ್ರದ್ದು.

ಮೇರಿಗೆ ಚರ್ಚಿನ ಕೆಲಸ ಬರೀ ಕೆಲಸ, ಭಕ್ತಿಯಲ್ಲ. ಅದನ್ನು ಬಾಯಿಬಿಟ್ಟು ಹೇಳುತ್ತಾಳೆ. ಚರ್ಚಿನವರು ಸ್ವಾಗತ ಕೂಟ ಮಾಡುತ್ತೇವೆ ಎಂದರೆ ಬೇಡ ಅನ್ನುತ್ತಾಳೆ. ಗೆಳೆಯ ಬೇಡ, ಜನರ ಒಡನಾಟ ಬೇಡ. 1962ರಲ್ಲಿ ಒಬ್ಬ ಯುವತಿ ಹೀಗಿರುವುದನ್ನು ಸುತ್ತಲಿನ ಯಾರಿಗೂ ತಡೆದುಕೊಳ್ಳಲು ಆಗುವುದಿಲ್ಲ. ಪಾದ್ರಿಗೆ ಅವಳ ಆತ್ಮ ಸರಿಯಾಗಬೇಕು, ವೈದ್ಯನಿಗೆ ಅವಳ ಮನಸ್ಸು ಸರಿಯಾಗಬೇಕು, ಎದುರು ಕೋಣೆಯ ಬಾಡಿಗೆದಾರ ಜಾನ್ ಲಿಂಡನ್‌ಗೆ ಬೇಕಾದದ್ದು ಬೇರೆ. ಬೆಳಗಿನ ಕಾಫಿಗೆ ಹೆಂಡ ಬೆರೆಸುವ, ಬಾಗಿಲ ಸಂದಿಯಲ್ಲಿ ಇಣುಕುವ ಈ ಲಿಂಡನ್ ಪಾತ್ರದಲ್ಲಿ ಸಿಡ್ನಿ ಬರ್ಗರ್ ಎಷ್ಟು ಸಹಜವಾಗಿ ಜಿಡ್ಡುಜಿಡ್ಡಾಗಿದ್ದಾನೆಂದರೆ, ಬಿಳಿ ಮುಖದವನೇ ವಾಸಿ ಅನಿಸುತ್ತದೆ. ಬೇಜಾರಿನ ಸಂಗತಿಯೆಂದರೆ ಮೇರಿ ಆ ಲಿಂಡನ್‌ನನ್ನೇ ಒಂದು ರಾತ್ರಿ ಜೊತೆಗಿರು ಎಂದು ಅಂಗಲಾಚುವ ಸ್ಥಿತಿಗೆ ಬರುತ್ತಾಳೆ, ಒಬ್ಬಳೇ ಇರಲು ಹೆದರಿ. ಅವಳಿಗೆ ಹುಚ್ಚು ಎಂದುಕೊಂಡು ಅವನೂ ಜಾಗ ಖಾಲಿ ಮಾಡುತ್ತಾನೆ.

(ತೆರೆಯ ಆಚೆಗೆ ಬರ್ಗರ್ ಗಂಭೀರ ರಂಗಕರ್ಮಿ. ಮುಂದೆ ಹ್ಯೂಸ್ಟನ್ ಶೇಕ್ಸ್‌ಪಿಯರ್ ಉತ್ಸವ ಕಟ್ಟಿದವರು ಇವರೇ.)

ಕೊನೆಗೆ ಏನಾಯಿತು? ನನಗೆ ಮೊದಲೇ ಗೊತ್ತಾಗಿಹೋಯಿತಲ್ಲ! (ಕೊನೆ ಬಯಲಾಗುತ್ತದೆ)

ಸಾಲ್ಟೇರಿನಲ್ಲಿ ಸತ್ತವರ ಕುಣಿತದ ನಡುವೆ ಮೇರಿ ತನ್ನನ್ನೇ ಆ ಬಿಳಿ ಮುಖದವನ ತೋಳಲ್ಲಿ ನೋಡುತ್ತಾಳೆ. ಓಡುತ್ತಾಳೆ. ಮರಳಲ್ಲಿ ಬಿದ್ದವಳನ್ನು ಅವರು ಮುತ್ತುತ್ತಾರೆ. ಮಾರನೆಯ ದಿನ ಪೊಲೀಸರಿಗೆ ಸಿಗುವುದು ಅರ್ಧಕ್ಕೇ ನಿಂತ ಹೆಜ್ಜೆಗುರುತು. ಅತ್ತ ಕಾನ್ಸಾಸಿನಲ್ಲಿ ಹೊಳೆಯಿಂದ ಕಾರನ್ನು ಮೇಲೆತ್ತುತ್ತಾರೆ. ಒಳಗೆ ಮೂವರ ಹೆಣವೂ ಇದೆ, ಮೇರಿಯದ್ದೂ ಸೇರಿ.

ಹೌದು, ಇವತ್ತಿನ ಪ್ರೇಕ್ಷಕರಿಗೆ ಹತ್ತನೇ ನಿಮಿಷದಲ್ಲೇ ಗೊತ್ತಾಗುತ್ತದೆ. ಈ ಬಗೆಯ ತಿರುವನ್ನು ಆಮೇಲೆ ಬಂದವರು ಅಷ್ಟು ಸಲ ಬಳಸಿ ಸವೆಸಿದ್ದಾರೆ. ಆದರೂ ಚಿತ್ರ ಕೆಡುವುದಿಲ್ಲ, ಯಾಕೆಂದರೆ ಅದರ ಜೀವ ತಿರುವಿನಲ್ಲಿಲ್ಲ. ನಮ್ಮ ಕಡೆಯ ದೆವ್ವಗಳಿಗೆ ತಾವು ದೆವ್ವ ಎಂದು ಚೆನ್ನಾಗಿ ಗೊತ್ತು. ಅವಕ್ಕೆ ಏನಾದರೂ ಬೇಕಿರುತ್ತದೆ: ಸೇಡು, ತೀರದ ಆಸೆ, ಕೊನೆಗೆ ಒಂದು ಎಲೆ ಅನ್ನವಾದರೂ. ತೀರಿಸಿದರೆ ಹೋಗುತ್ತವೆ, "ನಾಳೆ ಬಾ" ಎಂದು ಬಾಗಿಲ ಮೇಲೆ ಬರೆದರೂ ಹೋಗುತ್ತವೆ. ಮೇರಿಗೆ ತಾನು ಅಂತರಪಿಶಾಚಿಯಾಗಿ ಅಲೆಯುತ್ತಿದ್ದೇನೆಂದು ಗೊತ್ತಿಲ್ಲ. ಯಾರ ಮೇಲೂ ಸಿಟ್ಟಿಲ್ಲ, ಯಾರಿಂದಲೂ ಏನೂ ಬೇಕಿಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾಳೆ. ತಿರುವು ಗೊತ್ತಿದ್ದು ಎರಡನೇ ಸಲ ನೋಡಿದಾಗ ಇದೇ ಹೆಚ್ಚು ಸಂಕಟ ಕೊಡುತ್ತದೆ: ಬದುಕಿದ್ದಾಗಲೂ ಅವಳು ಹೀಗೆಯೇ ಇದ್ದಳೇನೋ, ಸತ್ತದ್ದರಿಂದ ಹೆಚ್ಚೇನೂ ಬದಲಾಗಲಿಲ್ಲವೇನೋ.

ಹಾಗಾದರೆ ಕಥೆ ಹೊಸದಲ್ಲ? (ಇಲ್ಲೂ ಕೊನೆ ಬಯಲಾಗುತ್ತದೆ)

ಅಲ್ಲ. ಸಾವಿನ ಕ್ಷಣವನ್ನು ಹಿಗ್ಗಿಸಿ ಅದರೊಳಗೆ ಒಂದು ಇಡೀ ಕಥೆ ನಡೆಸುವ ತಂತ್ರವನ್ನು ಅಮೆರಿಕದ ಲೇಖಕ ಆಂಬ್ರೋಸ್ ಬಿಯರ್ಸ್ 1890ರ ತನ್ನ ಸಣ್ಣಕಥೆಯಲ್ಲೇ ಬಳಸಿದ್ದ. ಅಲ್ಲೂ ಸೇತುವೆ, ಅಲ್ಲೂ ಹೊಳೆ.

ತಪ್ಪುಗಳೇ ಇಲ್ಲವೇ?

ಬೇಕಾದಷ್ಟಿವೆ. ಕೆಲವು ಕಡೆ ತುಟಿ ಒಂದು ಹೇಳಿದರೆ ದನಿ ಇನ್ನೊಂದು ಹೇಳುತ್ತದೆ. ವೈದ್ಯನ ಮಾತುಗಳು ಪಠ್ಯಪುಸ್ತಕದಿಂದ ಓದಿದಂತಿವೆ. ಅವನು ಬಂದಾಗಲೆಲ್ಲ ಚಿತ್ರ ಕುಂಟುತ್ತದೆ, ಸೆಂಟ್ರಾನ್‌ನವರ ಶಾಲಾ ಚಿತ್ರದ ವಾಸನೆ ಹೊಡೆಯುತ್ತದೆ. ಮಧ್ಯದಲ್ಲಿ ಹತ್ತು ನಿಮಿಷ ಎಳೆದಂತಿದೆ. ಅಭಿಮಾನಿಗಳು ಇವನ್ನೆಲ್ಲ "ಕನಸಿನಂತಿದೆ" ಎಂದು ಸಮರ್ಥಿಸುತ್ತಾರೆ. ಅರ್ಧ ಒಪ್ಪುತ್ತೇನೆ. ದನಿ-ತುಟಿ ಹೊಂದದಿರುವುದು ಕನಸಿನ ಭಾವಕ್ಕೆ ನೆರವಾಗಿದೆ, ವೈದ್ಯ ಮಾತ್ರ ಯಾವ ಕನಸಿಗೂ ನೆರವಾಗುವುದಿಲ್ಲ.

ಹಾರ್ವೆ ಮತ್ತು ಕ್ಲಿಫರ್ಡ್ ಗುರಿ ಇಟ್ಟುಕೊಂಡದ್ದು ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ದೃಶ್ಯಶೈಲಿಗೆ, ಫ್ರಾನ್ಸಿನ ಕವಿ-ನಿರ್ದೇಶಕ ಕಾಕ್ಟೋನ ಭಾವಕ್ಕೆ. ಡ್ರೈವ್-ಇನ್ ಥಿಯೇಟರಿನಲ್ಲಿ ಕಾರೊಳಗೆ ಕೂತು ಪಾಪ್‌ಕಾರ್ನ್ ತಿನ್ನುವವರಿಗಾಗಿ ಮಾಡಿದ ಚಿತ್ರಕ್ಕೆ ಇಂಥ ಗುರಿ! ಆ ಹುಂಬತನಕ್ಕೆ ವೈದ್ಯನನ್ನೂ ಸಹಿಸಿಕೊಳ್ಳಬಹುದು.

ಬಿಡುಗಡೆಯಾದಾಗ ಓಡಿತೇ?

ಇಲ್ಲ. 1962ರ ಸೆಪ್ಟೆಂಬರಿನಲ್ಲಿ ಲಾರೆನ್ಸಿನಲ್ಲಿ ಮೊದಲ ಪ್ರದರ್ಶನ. ಹರ್ಟ್ಸ್-ಲಯನ್ ಎಂಬ ವಿತರಕ ಕಂಪನಿ ಅದನ್ನು ಕತ್ತರಿಸಿ 78 ನಿಮಿಷಕ್ಕೆ ಇಳಿಸಿ, ಇನ್ನೊಂದು ಅಗ್ಗದ ಚಿತ್ರದ ಜೊತೆ ಒಂದೇ ಟಿಕೆಟ್ಟಿಗೆ ಎರಡು ಎಂದು ಡ್ರೈವ್-ಇನ್‌ಗಳಿಗೆ ಹಾಕಿತು. ಸ್ವಲ್ಪ ಕಾಲದಲ್ಲೇ ಕಂಪನಿ ಮುಳುಗಿತು. ಮಾಡಿದವರಿಗೆ ಬರಬೇಕಾದ ದುಡ್ಡು ಬರಲಿಲ್ಲ.

ಮತ್ತೆ ಕಲ್ಟ್ (ಕೆಲವರು ಹುಚ್ಚು ಹಚ್ಚಿಕೊಂಡು ಆರಾಧಿಸುವ ಚಿತ್ರ) ಆದದ್ದು ಹೇಗೆ?

ಒಂದು ಕಚೇರಿ ಕೆಲಸದ ಎಡವಟ್ಟಿನಿಂದ. ಆಗಿನ ಅಮೆರಿಕದ ಕಾನೂನಿನಂತೆ ಚಿತ್ರದ ಪ್ರತಿಯ ಮೇಲೆ ಕಾಪಿರೈಟ್ ಸೂಚನೆ ಇರಲೇಬೇಕಿತ್ತು. ಇದರ ಮೇಲೆ ಇರಲಿಲ್ಲ. ಹಾಗಾಗಿ ಚಿತ್ರ ಯಾರ ಸ್ವತ್ತೂ ಅಲ್ಲದಂತಾಯಿತು. ಯಾರು ಬೇಕಾದರೂ ತೋರಿಸಬಹುದು, ಯಾರಿಗೂ ಕಾಸು ಕೊಡಬೇಕಿಲ್ಲ. ಟಿವಿ ಸ್ಟೇಷನ್‌ಗಳಿಗೆ ನಡುರಾತ್ರಿಯ ಹೊತ್ತು ತುಂಬಿಸಲು ಇಂಥದ್ದೇ ಬೇಕಿತ್ತು. ಆಮೇಲೆ ವಿಡಿಯೋ ಕ್ಯಾಸೆಟ್ ಬಂದಾಗ ಅಗ್ಗದ ಕಂಪನಿಗಳೂ ಇದನ್ನೇ ಅಚ್ಚು ಹಾಕಿದವು.

ಈಗ ಆ ಪ್ರೇಕ್ಷಕನನ್ನು ಊಹಿಸಿಕೊಳ್ಳಿ. ರಾತ್ರಿ ಎರಡು ಗಂಟೆ, ಮನೆಯವರೆಲ್ಲ ಮಲಗಿದ್ದಾರೆ, ಸವೆದ ಮಸುಕು ಪ್ರಿಂಟು, ಹೆಸರು ಬರುವ ಭಾಗ ತಪ್ಪಿಹೋಗಿದೆ. ಯಾವ ಸಿನಿಮಾ, ಯಾರು ಮಾಡಿದ್ದು, ಏನೂ ಗೊತ್ತಿಲ್ಲ. ಒಬ್ಬಳು ಹೆಂಗಸು ಸದ್ದಿಲ್ಲದ ಬೀದಿಯಲ್ಲಿ ಓಡುತ್ತಿದ್ದಾಳೆ. ಬೆಳಿಗ್ಗೆ ಯಾರಿಗೆ ಹೇಳಿದರೂ ಆ ಸಿನಿಮಾ ನೋಡಿದವರು ಸಿಗುವುದಿಲ್ಲ. ಒಬ್ಬಂಟಿತನದ ಸಿನಿಮಾವನ್ನು ಹೀಗೆ ಒಬ್ಬೊಬ್ಬರೇ ಕಂಡುಕೊಂಡರು. ಥಿಯೇಟರಿನಲ್ಲಿ ನೂರು ದಿನ ಓಡಿದ್ದರೆ ಈ ನಂಟು ಹುಟ್ಟುತ್ತಿರಲಿಲ್ಲ.

1989ರಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಮತ್ತೆ ಬಂತು. ರೋಜರ್ ಈಬರ್ಟ್‌ನಂಥ ವಿಮರ್ಶಕರು ಬರೆದರು. 2000ದಲ್ಲಿ, ಜಗತ್ತಿನ ಮೇರುಚಿತ್ರಗಳನ್ನು ಹೊರತರುವ ಕ್ರೈಟೀರಿಯನ್ ಕಂಪನಿ ಒಳ್ಳೆಯ ಡಿವಿಡಿ ತಂದಿತು, 2016ರಲ್ಲಿ 4ಕೆ ಮರುಸಂಸ್ಕರಣದ ಬ್ಲೂ-ರೇ. 17,000 ಡಾಲರ್ ನಗದಿನ ಸಿನಿಮಾ ಬರ್ಗ್‌ಮನ್‌ನ ಸಾಲಿನ ಕಪಾಟಿಗೇ ಬಂದು ಕೂತಿತು.

ಇದು "ಕೆಟ್ಟದಾಗಿದೆ, ಅದಕ್ಕೇ ಮಜಾ" ಅನ್ನುವ ಜಾತಿಯ ಕಲ್ಟಾ?

ಅಲ್ಲ. ಆ ಜಾತಿಯವನ್ನು ನೋಡಿ ನಗುವುದು ನನಗೂ ಇಷ್ಟ, ಗೆಳೆಯರ ಗುಂಪಿರಬೇಕು ಅಷ್ಟೇ. ಇದನ್ನು ಗುಂಪಿನಲ್ಲಿ ಗೇಲಿ ಮಾಡುತ್ತ ನೋಡಿದರೆ ಇಪ್ಪತ್ತು ನಿಮಿಷದಲ್ಲಿ ಗೇಲಿಯೂ ಸಾಯುತ್ತದೆ, ಸಿನಿಮಾವೂ ಸಾಯುತ್ತದೆ.

ಯಾರ ಮೇಲೆ ಪ್ರಭಾವ ಬೀರಿದೆ?

ಎಲ್ಲರಿಗಿಂತ ಮೊದಲು ಜಾರ್ಜ್ ರೊಮೆರೊ. 1968ರ ಅವರ ನೈಟ್ ಆಫ್ ದಿ ಲಿವಿಂಗ್ ಡೆಡ್ ಇಂದಿನ ಜಾಂಬಿ ಚಿತ್ರಗಳಿಗೆಲ್ಲ ಮೂಲ. ಅದಕ್ಕೆ ಪ್ರೇರಣೆಯಾದವುಗಳಲ್ಲಿ ಇದೂ ಒಂದೆಂದು ಅವರು ಒಪ್ಪಿಕೊಂಡಿದ್ದಾರೆ. ಬಿಳಿಚಿಕೊಂಡ ಮುಖದ ಸತ್ತವರು ಗುಂಪಾಗಿ ಅಟ್ಟಿಸಿಕೊಂಡು ಬರುವುದನ್ನು ನೋಡಿದರೆ ಕೇಳಬೇಕಾಗಿಯೇ ಇಲ್ಲ. ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ರೊಮೆರೊ ಕೂಡ ಹಾಲಿವುಡ್‌ನಿಂದ ದೂರದ ಊರಿನಲ್ಲಿ, ಪಿಟ್ಸ್‌ಬರ್ಗಿನಲ್ಲಿ, ಜಾಹೀರಾತು ಮತ್ತು ಕಂಪನಿ ಚಿತ್ರ ಮಾಡುತ್ತಿದ್ದವರು. ಅವರ ಚಿತ್ರವೂ ಕಾಪಿರೈಟ್ ಸೂಚನೆ ಬಿಟ್ಟುಹೋಗಿ ಸಾರ್ವಜನಿಕರ ಪಾಲಾಯಿತು. ಒಂದೇ ಎಡವಟ್ಟು ಎರಡು ಸಲ!

ಕನಸಿನಂಥ ವಿಚಿತ್ರ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಡೇವಿಡ್ ಲಿಂಚ್ ಚಿತ್ರಗಳ ಮಾತು ಬಂದಾಗಲೂ ವಿಮರ್ಶಕರು ಇದನ್ನು ನೆನೆಯುತ್ತಾರೆ.

ಇಷ್ಟು ಚೆನ್ನಾಗಿ ಮಾಡಿದವರು ಮತ್ತೆ ಯಾಕೆ ಮಾಡಲಿಲ್ಲ?

ಹಾರ್ವೆ ಸೆಂಟ್ರಾನ್ ಕೆಲಸಕ್ಕೆ ವಾಪಸಾದರು. ಯಂತ್ರದೊಳಗೆ ಕೈ ಹಾಕಬೇಡಿ, ಬೆರಳು ಹೋಗುತ್ತದೆ ಎಂದು ಕೆಲಸಗಾರರಿಗೆ ಹೇಳುವ ಚಿತ್ರ ಮಾಡಿದರು. ಅದರಲ್ಲೂ ಭಾರೀ ಯಂತ್ರ ತಯಾರಿಸುವ ಕ್ಯಾಟರ್‌ಪಿಲ್ಲರ್ ಕಂಪನಿಗೆ ಮಾಡಿದ ಒಂದು, ಹಾಡು ಸಮೇತ, ತನ್ನದೇ ಬಗೆಯಲ್ಲಿ ಪ್ರಸಿದ್ಧ. ಹತ್ತಿರದ ಕಾನ್ಸಾಸ್ ಸಿಟಿಯಲ್ಲಿ ಕಂಪನಿ ಚಿತ್ರ ಮಾಡುತ್ತಿದ್ದ ರಾಬರ್ಟ್ ಆಲ್ಟ್‌ಮನ್ ಹಾಲಿವುಡ್‌ಗೆ ಹೋಗಿ ದೊಡ್ಡವರಾದರು, ಹಾರ್ವೆ ಊರಲ್ಲೇ ಉಳಿದರು. 1996ರಲ್ಲಿ ತೀರಿಕೊಂಡರು. ಮರುಬಿಡುಗಡೆಯ ಸಂಭ್ರಮ ಕಣ್ಣಾರೆ ಕಂಡೇ ಹೋದರು ಎಂಬುದು ಸಮಾಧಾನ.

ಯಾವ ಆವೃತ್ತಿ ನೋಡಲಿ?

ಆನ್‌ಲೈನಿನಲ್ಲಿ ಹತ್ತಾರು ಪ್ರತಿಗಳಿವೆ, ಬಹಳಷ್ಟು ಹಾಳು. ಮರುಸಂಸ್ಕರಿಸಿದ 78 ನಿಮಿಷದ್ದು ಸಿಕ್ಕರೆ ಅದನ್ನೇ ಮೊದಲು ನೋಡಿ. ಉದ್ದನೆಯದು ಸುಮಾರು 84 ನಿಮಿಷ, ಅದರಲ್ಲಿ ಹೆಚ್ಚಿರುವುದು ಬಹುಮಟ್ಟಿಗೆ ಮಾತು. ವಿತರಕರು ಕತ್ತರಿ ಆಡಿಸಿದ್ದು ಅನ್ಯಾಯವೇ ಇರಬಹುದು, ಆದರೆ ಚಿತ್ರಕ್ಕೆ ಅಂಥ ನಷ್ಟವೇನೂ ಆಗಿಲ್ಲ. ಬಣ್ಣ ತುಂಬಿದ ಆವೃತ್ತಿಯೂ ಒಂದಿದೆ. ಅದರ ಗೋಜಿಗೆ ಹೋಗಬೇಡಿ, ಸುಣ್ಣದ ಮುಖಕ್ಕೆ ಚರ್ಮದ ಬಣ್ಣ ಹಚ್ಚಿದರೆ ಉಳಿಯುವುದೇನು?

1998ರದ್ದು ಇದೇ ಹೆಸರಿನಲ್ಲಿದೆಯಲ್ಲ?

ಹೆಸರು ಮಾತ್ರ ಅದೇ. ಸಮಯ ಉಳಿಸಿಕೊಳ್ಳಿ.

ಮಕ್ಕಳ ಜೊತೆ ಕೂತು ನೋಡಬಹುದೇ?

ಮುಜುಗರವಾಗುವಂಥದ್ದು ಹೆಚ್ಚೇನಿಲ್ಲ, ಲಿಂಡನ್‌ನ ಕಣ್ಣು ಬಿಟ್ಟರೆ. ಹತ್ತು ವರ್ಷದೊಳಗಿನವರಿಗೆ ಬೇಸರ ಬರುತ್ತದೆ. ಹೈಸ್ಕೂಲು ಮಕ್ಕಳು ನೋಡಬಹುದು, ಮೊಬೈಲು ಪಕ್ಕದ ಕೋಣೆಯಲ್ಲಿಟ್ಟು. ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ನೋಡುವುದು ಎಲ್ಲಕ್ಕಿಂತ ವಾಸಿ, ಅರ್ಧ ಸಿನಿಮಾ ಇರುವುದೇ ಸದ್ದಿನಲ್ಲಿ.

ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಹಾಕಬಹುದೇ? ಕನ್ನಡ ಸಬ್‌ಟೈಟಲ್ ಮಾಡಬಹುದೇ?

ಅಮೆರಿಕದಲ್ಲಿ ಇದು ಶುರುವಿನಿಂದಲೇ ಸಾರ್ವಜನಿಕ ಸ್ವತ್ತು. ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಿನಿಮಾದ ಹಕ್ಕಿನ ಅವಧಿ ಪ್ರಕಟವಾದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. ಆ ಲೆಕ್ಕದಲ್ಲಿ ನೋಡಿದರೂ 2022ಕ್ಕೆ ಮುಗಿಯಿತು. ಮೂಲ ಚಿತ್ರ ತೋರಿಸಲು, ಸಬ್‌ಟೈಟಲ್ ಹಾಕಲು ಆ ದೃಷ್ಟಿಯಿಂದ ಅಡ್ಡಿಯಿಲ್ಲ. ಆದರೆ ಕಂಪನಿಗಳು ಮರುಸಂಸ್ಕರಿಸಿ ಮಾರುವ ಡಿಸ್ಕಿನಲ್ಲಿ ಸಂದರ್ಶನ, ವ್ಯಾಖ್ಯಾನದಂಥ ಹೊಸ ಸಾಮಗ್ರಿ ಇರುತ್ತದೆ. ಅದರ ಹಕ್ಕು ಬೇರೆ, ಅದನ್ನು ಬಳಸಬೇಡಿ. ಟಿಕೆಟ್ ಇಟ್ಟು ಸಾರ್ವಜನಿಕ ಪ್ರದರ್ಶನ ಮಾಡುವುದಾದರೆ ಸೆನ್ಸಾರ್ ಪ್ರಮಾಣಪತ್ರದ ನಿಯಮವೂ ಬೇರೆ, ತಿಳಿದವರನ್ನು ಕೇಳಿ.

ಸಬ್‌ಟೈಟಲ್ ವಿಷಯಕ್ಕೆ ಬಂದರೆ, ಮಾತು ಕಡಿಮೆಯಿರುವುದರಿಂದ ಒಬ್ಬರೇ ಕೂತು ಮಾಡಬಹುದಾದ ಕೆಲಸ. ಲಿಂಡನ್‌ನ ಮಾತಿಗೆ ಪುಸ್ತಕದ ಕನ್ನಡ ಹಾಕಬೇಡಿ, ಮೇರಿಯ ಮಾತಿಗೆ ಮುದ್ದು ಬೆರೆಸಬೇಡಿ. ವೈದ್ಯನ ಮಾತನ್ನು ಎಷ್ಟು ಚುಟುಕು ಮಾಡಿದರೂ ಯಾರೂ ನಿಮ್ಮನ್ನು ಬೈಯುವುದಿಲ್ಲ.